ಪೈಪಿಗೆ ತುರುಕಿದ ಬೋಲ್ಟ್

— ಬೋಲ್ಟೇ ಇರಬೇಕು. ಮರದ ಗೂಟವೂ ಇದ್ದೀತು. ನೆನೆದಾಗ ಒಂದೊಂದು ಸಲ ಒಂದೊಂದು ಕಾಣುತ್ತದೆ. ಯಾವುದಾದರೇನು, ನಿಮ್ಮ ಕಾರಿನ ಬ್ರೇಕ್ ಬೂಸ್ಟರಿಗೆ ಹೋಗುವ ಪೈಪನ್ನು ಮುಚ್ಚಿದವನು ನಾನು, ವಿಮಲಾ ಮೇಡಂ. ಮುಚ್ಚಿದ್ದನ್ನು ನಿಮಗೆ ಹೇಳಲಿಲ್ಲ. ನಿಮ್ಮ ತಾಯಿಯ ಎಡಗಣ್ಣು ಹೋದ ಮೇಲೂ ಹೇಳಲಿಲ್ಲ. ಇಷ್ಟು ಖಂಡಿತ. ಉಳಿದದ್ದನ್ನು ನನ್ನ ಮನಸ್ಸು ಎಷ್ಟು ಸಲ ತನಗೆ ಬೇಕಾದಂತೆ ಉಜ್ಜಿದೆಯೋ —

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕುರುಬರಹಳ್ಳಿಯಲ್ಲಿ ನನ್ನ ಗ್ಯಾರೇಜು. ನಿಮ್ಮ ತಂದೆಯವರ ಕಾಲದ ಆ ಬೂದು ಬಣ್ಣದ ವಿಲಾಯತಿ ಕಾರನ್ನು ನೀವು ಬಸವೇಶ್ವರನಗರದಿಂದ ನೀವೇ ಓಡಿಸಿಕೊಂಡು ಬರುತ್ತಿದ್ದಿರಿ. ಆಯುಧ ಪೂಜೆಗೆ ಮೂರು ದಿನ ಮುಂಚೆ ತಂದಾಗ ಇಂಜಿನ್ ನಡುಗುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತರೆ ಆರಿಹೋಗುತ್ತಿತ್ತು. ಬ್ರೇಕ್ ಒತ್ತಿದರೆ ಬಾನೆಟ್ಟಿನೊಳಗಿಂದ ಬುಸ್ಸೆಂಬ ಸದ್ದು. ಬೂಸ್ಟರಿನ ಒಳಗಿನ ರಬ್ಬರ್ ಹರಿದಿತ್ತು. ಇಂಜಿನ್ನಿನ ಎಳೆತದಿಂದ ನಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಡಬ್ಬಿ ಅದು. ಹರಿದರೆ ಗಾಳಿ ಒಳನುಗ್ಗಿ ಇಂಜಿನ್ನನ್ನೂ ಕೆಡಿಸುತ್ತದೆ. ಅಷ್ಟು ಹಳೆಯ ಕಾರಿನ ಬೂಸ್ಟರು ಯಾವ ಗುಜರಿಯಲ್ಲೂ ಸಿಗಲಿಲ್ಲ. ಹಬ್ಬಕ್ಕೆ ಗಾಡಿ ಬೇಕೇ ಬೇಕು ಎಂದಿದ್ದಿರಿ. ಪೈಪಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ. ನಡುಕ ನಿಂತಿತು, ಬುಸುಗುಟ್ಟುವುದೂ ನಿಂತಿತು. ಬೂಸ್ಟರಿನ ನೆರವೂ ನಿಂತಿತು, ಇನ್ನು ಬ್ರೇಕಿಗೆ ಬರಿಯ ಕಾಲಿನ ಬಲವೇ. ಆ ನಿಶ್ಶಬ್ದವನ್ನೇ ರಿಪೇರಿ ಎಂದು ಕರೆದೆ.

ಹಬ್ಬ ಕಳೆದ ಮೇಲೆ ಬೂಸ್ಟರು ಹುಡುಕಿ ಹಾಕೋಣ, ಅಲ್ಲಿಯವರೆಗೆ ಮೆಲ್ಲಗೆ ಓಡಿಸಿ ಎಂದು ಹೇಳೋಣ — ಹೀಗೆ ಯೋಚಿಸಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಯೋಚಿಸಿದ್ದೆನೋ, ಆಮೇಲೆ ಸೇರಿಸಿಕೊಂಡೆನೋ.

ಪೂಜೆಯ ದಿನ ಪಾನಾ, ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಮರುಪೂಜೆಯವರೆಗೆ ಮುಟ್ಟುವಂತಿಲ್ಲ. ಕುಂಬಳಕಾಯಿ ಒಡೆದಾಗಿತ್ತು. ಗಾಡಿ ಒಯ್ಯಲು ನೀವು ಬಂದಿದ್ದಿರಿ; ಮುಂದಿನ ಸೀಟಿನಲ್ಲಿ ನಿಮ್ಮ ತಾಯಿ, ಮಡಿಲಲ್ಲಿ ಚೆಂಡುಹೂವು.

"ನಮ್ಮ ಯಜಮಾನ್ರ ಗಾಡಿ ನಿನ್ನ ಕೈಲಿ ಬದುಕ್ತು ಕಣಪ್ಪ" ಎಂದರು. "ಇವಳು ಗುಜರಿಗೆ ಹಾಕ್ತೀನಿ ಅಂತ ಕೂತಿದ್ಲು."

"ನಾನ್ಯಾವಾಗ ಅಂದೆ? ನೀನೇ ಕಣಮ್ಮ ದಿನಾ ಬೈತಿದ್ದೆ!" ಎಂದು ನಕ್ಕಿರಿ. ನಾಲ್ಕು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಬ್ರೇಕ್ ಒತ್ತಿದಿರಿ. ಗಾಡಿ ನಿಲ್ಲುವುದು ಸ್ವಲ್ಪ ತಡವಾಯಿತು. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಿರಿ:

"ಬ್ರೇಕ್ ಯಾಕೋ ತುಂಬಾ ಗಟ್ಟಿ ಇದೆಯಲ್ಲಾ?"

"ಹೊಸ ಲೈನಿಂಗ್ ಮೇಡಂ. ಓಡ್ತಾ ಓಡ್ತಾ ಪಳಗುತ್ತೆ."

ಬ್ರೇಕಿನ ಲೈನಿಂಗನ್ನು ಹೊಸದಾಗಿ ಹಾಕಿದ್ದೆ, ನಿಜ. ಅರ್ಧ ನಿಜ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಹಬ್ಬದ ದಿನ ಕೆಟ್ಟ ಮಾತು ಬೇಡ ಎನ್ನಿಸಿತೇ? ಗಾಡಿ ಬದುಕಿಸಿದವನು ಎಂಬ ಹೊಗಳಿಕೆ ಅಷ್ಟು ಬೇಗ ಬಿಟ್ಟುಕೊಡಲಾಗಲಿಲ್ಲವೇ? ಆ ದಿನ ಉಪಕರಣ ಮುಟ್ಟಬಾರದು, ಸರಿ. ಬಾಯಿ ತೆರೆಯಬಾರದೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ.

ಪೂಜೆಯಾದ ಮೂರನೆಯ ದಿನ ಬೆಳಿಗ್ಗೆ ಮಹಾಲಕ್ಷ್ಮಿ ಬಡಾವಣೆಯ ಇಳಿಜಾರಿನಲ್ಲಿ ನಿಮ್ಮ ಕಾರು ನಿಲ್ಲಲಿಲ್ಲ. ಕೆಳಗಿನ ತಿರುವಿನ ಲೈಟು ಕಂಬಕ್ಕೆ ಹೋಗಿ ಹೊಡೆಯಿತು. ಸುದ್ದಿ ಕೇಳಿ ನಾನು ಓಡಿ ಬರುವಷ್ಟರಲ್ಲಿ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ನೀವು ಆಸ್ಪತ್ರೆಗೆ ಹೊರಟಿದ್ದಿರಿ. ಡ್ಯಾಶ್‌ಬೋರ್ಡಿನ ಮೇಲೆ ಒಣಗಿದ ಚೆಂಡುಹೂವು, ರಕ್ತ.

"ಲೇಡೀಸ್ ಡ್ರೈವಿಂಗ್ ಗುರು, ಇನ್ನೇನಾಗುತ್ತೆ" ಎಂದ ನೆರೆದವರಲ್ಲೊಬ್ಬ.

"ದೂರ ನಿಲ್ರಪ್ಪ, ಬೆಂಕಿ ಹತ್ಕೊಳುತ್ತೆ, ಬ್ಯಾಟರಿ ವೈರ್ ಕೀಳಬೇಕು" ಎಂದು ನಾನು ಜನರನ್ನು ಹಿಂದೆ ಸರಿಸಿದೆ. ಸೊಟ್ಟಗಾದ ಬಾನೆಟ್ ಎತ್ತಿದೆ. ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಬೋಲ್ಟ್ ಕಿತ್ತು ಜೇಬಿಗಿಳಿಸಿ ಪೈಪನ್ನು ಮೊದಲಿನಂತೆ ಬೂಸ್ಟರಿಗೆ ಸಿಕ್ಕಿಸಿದೆ. ಕ್ಲಿಪ್ಪನ್ನೂ ಮರೆಯದೆ ಬಿಗಿದೆ — ಇದನ್ನು ನೆನೆದಾಗಲೇ ಹೆಚ್ಚು ಭಯವಾಗುತ್ತದೆ.

ಮರುದಿನ ಕಾರನ್ನು ನನ್ನ ಗ್ಯಾರೇಜಿಗೇ ಎಳೆದು ತಂದರು. ನಿಮ್ಮ ತಮ್ಮ ಬಂದರು, ಹಿಂದೆಯೇ ನೀವು.

"ನಿಜ ಹೇಳಿ ಅಣ್ಣ, ಬ್ರೇಕ್ ಹೇಗಿತ್ತು?" ಎಂದು ಅವರು ಕೇಳಿದರು.

"ಬ್ರೇಕ್ ಚೆನ್ನಾಗೇ ಇತ್ತು ಸಾರ್. ಇನ್ನೊಂಚೂರು ಜೋರಾಗಿ ಒತ್ತಬೇಕಿತ್ತು, ಅಷ್ಟೆ."

ನೀವು ತಲೆ ಬಗ್ಗಿಸಿ ನಿಮ್ಮ ಬಲಗಾಲನ್ನು ನೋಡಿಕೊಂಡಿರಿ, ಅದು ಬೇರೆ ಯಾರದೋ ಎಂಬಂತೆ. ನಿಮ್ಮ ಚಪ್ಪಲಿಯ ಬಣ್ಣ ನೆನಪಿಲ್ಲ; ಆ ನೋಟ ಮಾತ್ರ —

ಆಮೇಲೆ ನೀವು ಸ್ಟೇರಿಂಗ್ ಮುಟ್ಟಲಿಲ್ಲವಂತೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಕಂಡಿರಿ, ತಾಯಿಯ ಎಡಗೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಿರಿ. "ನನ್ನ ಕಾಲಿಗೆ ಶಕ್ತಿ ಸಾಲ್ಲಿಲ್ಲ, ಅದಕ್ಕೇ ಅಮ್ಮಂಗೆ ಹೀಗಾಯ್ತು" ಎಂದು ಜೊತೆಗಿದ್ದವರಿಗೆ ಹೇಳುತ್ತಿದ್ದಿರಿ. ಎರಡು ಮಾರು ದೂರದಲ್ಲಿದ್ದೆ. ಟೀ ಕುಡಿದು ಗ್ಯಾರೇಜಿಗೆ ಮರಳಿದೆ.

ಇವತ್ತು ನನ್ನ ಡಬ್ಬಿಯಲ್ಲಿ ಆ ಪೈಪಿಗೆ ಹೊಂದುವ ಬೋಲ್ಟುಗಳು ಮೂರಿವೆ. ಯಾವುದು ಅದು, ಗೊತ್ತಿಲ್ಲ. ಹರಿದ ಬೂಸ್ಟರನ್ನು ಹಾಗೇ ಬಿಟ್ಟಿದ್ದರೆ ಕಾರು ಕಂಬಕ್ಕಿಂತ ಮೊದಲೇ ನಿಲ್ಲುತ್ತಿತ್ತೇ, ಗೊತ್ತಿಲ್ಲ. ಇದನ್ನು ಬರೆದು ಬಸವೇಶ್ವರನಗರದ ನಿಮ್ಮ ಮನೆಗೆ ನಾನೇ ತರುತ್ತೇನೆ. ನೀವು ಇನ್ನೂ ಅಲ್ಲೇ ಇದ್ದೀರೋ ಇಲ್ಲವೋ. ಆ ಇಳಿಜಾರಿನಲ್ಲಿ ನಿಮ್ಮ ಕಾಲು ಎಷ್ಟು ಜೋರಾಗಿ ಒತ್ತಿತ್ತು — ಅದೂ ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.