ದೆವ್ವದ ಸಿನಿಮಾಕ್ಕೆ ಅತ್ತೆಯ ದನಿ

ಬಾಗಿಲು ತೆಗೆದರೆ ಎದುರಿಗೆ ದೆವ್ವ ನಿಂತಿತ್ತು. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲೇ ಇರುವ ಶಿವಣ್ಣನವರು. ಕಡಿಮೆ ಖರ್ಚಿನಲ್ಲಿ ದೆವ್ವದ ಸಿನಿಮಾ ತೆಗೆದು, ದೆವ್ವದ ಪಾತ್ರವನ್ನೂ ತಾವೇ ಮಾಡುವುದು ಅವರ ಎಷ್ಟೋ ವರ್ಷದ ಕಸುಬು.

“ಹೀರೋಯಿನ್ ಕಿರುಚಿದ್ದು ಸರಿಯಾಗಿ ಬಂದಿಲ್ಲ ಕಣಮ್ಮ. ನೀವೊಂದು ಸಲ ಕಿರುಚ್ಬುಡಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೋತೀನಿ” ಅಂದರು. ಬಾಯಿ ತೆರೆದರೆ ನನಗೆ ನಗುವೇ ಬಂತು.

“ನಾನ್ ಕಿರುಚ್ಲೇನಪ್ಪಾ?” ಎನ್ನುತ್ತಾ, ಒಳಗೆ ಸೊಪ್ಪು ಸೋಸುತ್ತಿದ್ದ ನನ್ನತ್ತೆ ಎದ್ದು ಬಂದರು. ಅವರು ದನಿ ಏರಿಸಿದ್ದನ್ನು ನಾನು ಒಂದು ದಿನವೂ ಕೇಳಿದವಳಲ್ಲ. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಕಿರುಚಿದರು. ಬೀದಿಯವರೆಲ್ಲ ಹೊರಗೆ ಬಂದರು. ಶಿವಣ್ಣನವರೇ ಎರಡು ಹೆಜ್ಜೆ ಹಿಂದೆ ಸರಿದರು.

ಅತ್ತೆ ಒಳಗೆ ಹೋಗಿ ಮತ್ತೆ ಸೊಪ್ಪಿನ ಮುಂದೆ ಕೂತರು. ಅಷ್ಟು ದೊಡ್ಡ ಕೂಗು ಇಷ್ಟು ವರ್ಷ ಎಲ್ಲಿತ್ತು ಎಂದು ಅವರನ್ನು ಕೇಳಬೇಕು. ನನಗಿನ್ನೂ ಧೈರ್ಯ ಬಂದಿಲ್ಲ.