ಅಕ್ಕಿ ಬಿಟ್ಟ ಮನೆ

ಆ ವರ್ಷ ನನಗೆ ನವಣೆ ಎಂದರೆ ಸಾಕುಸಾಕಾಗಿತ್ತು. ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ಕಳೆದಿತ್ತು. ನಾನು ಅಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತೆ, ನನ್ನ ಗಂಡ ಗಿಣಿಗೇರಾದ ಶಾಲೆಯಲ್ಲಿ ಮಾಸ್ತರ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಕ್ತದ ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ ಎಂದ ಡಾಕ್ಟರು ಊಟದ ಪಟ್ಟಿ ಬರೆದುಕೊಟ್ಟರು. ಹೊರಗೆ ಮಾಡಿದ್ದು ಏನೂ ಬೇಡ, ಅಕ್ಕಿ ಬೇಡವೇ ಬೇಡ.

ನಾನು ಗಂಗಾವತಿಯ ಕಾಲುವೆ ಸೀಮೆಯವಳು, ಮೂರು ಹೊತ್ತೂ ಅನ್ನ ಉಂಡು ಬೆಳೆದವಳು. ಗಂಡನದು ಯಲಬುರ್ಗಾ ಕಡೆಯ ಊರು. ಅಲ್ಲಿ ರೊಟ್ಟಿ ಬಡಿಯಲು ಬಾರದವಳನ್ನು ಹೆಂಗಸರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಪಟ್ಟಿ ಬರುವವರೆಗೆ ಕೊಂಡು ತಂದ ರೊಟ್ಟಿಯಲ್ಲಿ ನನ್ನ ಮಾನ ಉಳಿದಿತ್ತು.

ನವಣೆ ಉಪ್ಪಿಟ್ಟು ಮಾಡಿದೆ, ಮುದ್ದೆಯಾಯಿತು. ನವಣೆ ಚಿತ್ರಾನ್ನ ಗಂಟಲಲ್ಲೇ ನಿಂತಿತು. ಹೆಸರುಕಾಳಿನ ದೋಸೆ ಮಾಡಿದೆ, ಮೆಂತ್ಯಸೊಪ್ಪಿನ ಪಲ್ಯ ಹತ್ತು ಬಗೆಯಲ್ಲಿ ಮಾಡಿದೆ. ಅವರು ಎಲ್ಲದಕ್ಕೂ "ಛಲೋ ಐತಿ" ಎನ್ನುತ್ತಿದ್ದರು. ಏನು ಬಡಿಸಿದರೂ ಛಲೋ ಎನ್ನುವವರಿಗೆ ಅಡುಗೆ ಮಾಡುವುದೂ ಒಂದೇ, ಗೋಡೆಯ ಜೊತೆ ಮಾತಾಡುವುದೂ ಒಂದೇ. ಪಾತ್ರೆ ತೊಳೆದು ಬಂದರೆ ಶಾಲೆಯ ಮಕ್ಕಳ ಉತ್ತರಗಳನ್ನು ನಾನೇ ಓದಿ ಹೇಳಬೇಕು. ಅವರು ಅಂಕ ಹೇಳುತ್ತಿದ್ದರು, ನಾನು ತೂಕಡಿಸುತ್ತ ಬರೆಯುತ್ತಿದ್ದೆ.

ಎಲ್ಲಕ್ಕಿಂತ ರೊಟ್ಟಿ ನನ್ನನ್ನು ಸೋಲಿಸಿತು. ತಟ್ಟಿ ಎತ್ತುವಷ್ಟರಲ್ಲಿ ಹರಿಯುತ್ತಿತ್ತು. ಒಂದು ಸಂಜೆ ಒಲೆಯ ಮುಂದೆ ಕೂತು ಅತ್ತೂಬಿಟ್ಟೆ. ಮರುದಿನ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಹೆಂಗಸು, "ಜೋಳ ಹಳೇದಾದ್ರ ಜಿಗಿ ಇರೂದಿಲ್ಲರಿ. ಒಂದೀಟು ಅಕ್ಕಿ ಕೂಡಿಸಿ ಬೀಸಸ್ರಿ" ಎಂದಳು. ಕೂಡಿಸಿದೆ. ಮೊದಲು ಒಂದು ಹಿಡಿ, ಆಮೇಲೆ ನಾಲ್ಕು ಪಾಲು ಜೋಳಕ್ಕೆ ಒಂದು ಪಾಲು. ರೊಟ್ಟಿ ಇಡಿಯಾಗಿ ಬರತೊಡಗಿತು. ಅಕ್ಕಿ ಎಂದರೆ ನಮ್ಮ ಸೀಮೆಯವರಿಗೆ ತಟ್ಟೆಯಲ್ಲಿ ಹಬೆಯಾಡುವ ಅನ್ನ. ಜೋಳದ ಹಿಟ್ಟಿನಲ್ಲಿ ಸೇರಿಹೋದದ್ದು ಅಕ್ಕಿಯೆಂದು ನನಗೆ ಹೊಳೆಯಲೇ ಇಲ್ಲ.

ಸಕ್ಕರೆ ಇಳಿಯಲಿಲ್ಲ. ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಅವರು ಗಿಣಿಗೇರಾದಲ್ಲಿ ಕದ್ದು ಮಿರ್ಚಿ ಭಜಿ ತಿನ್ನುತ್ತಾರೆಂದು ನಾನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಆಗ ಕುಷ್ಟಗಿಯಿಂದ ಅವರ ಅಕ್ಕ ಬಂದರು. ಊಟಕ್ಕೆ ಕೂತು ರೊಟ್ಟಿ ಮುರಿದವರು ನನ್ನತ್ತ ನೋಡಿ, "ಅಕ್ಕಿ ಎಷ್ಟ ಕೂಡಿಸೀದಿ?" ಎಂದರು.

"ನಾಲ್ಕಕ್ಕ ಒಂದು ಪಾಲ್ರಿ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಗಂಡ ಉಣ್ಣುತ್ತಲೇ ಇದ್ದರು. "ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಮೊದಲನೇ ತುತ್ತಿಗೇ ಗೊತ್ತಾತು."

"ಮತ್ತ ಬಾಯಿ ಯಾಕ ಬಿಡಲಿಲ್ಲ? ಬೈಸ್ಕೊಂಡು ಕುಂತಿರಲ್ಲ."

"ರೊಟ್ಟಿ ಹರೀತಂತ ಅಳೂದು ಬಿಟ್ಟಿದ್ದಿ. ಮತ್ತ ಎಲ್ಲಿ ಸುರು ಮಾಡ್ತೀ ಅಂತ ಸುಮ್ಮನಿದ್ದೆ."

ಕರುಣೆ ಬರಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ಕಣ್ಣು ಹೋದರೂ ಸರಿ, ಹೆಂಡತಿಗೆ ಒಂದು ಮಾತು ಹೇಳಲಾರೆ ಎನ್ನುವ ಗಂಡಸನ್ನು ಏನು ಮಾಡಬೇಕು? ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬರೀ ಜೋಳ ಬೀಸಿಸಿಕೊಂಡು ಬಂದು ಹರಿದ ತುಣುಕುಗಳನ್ನೇ ಬಡಿಸಿದೆ.

ಅಕ್ಕಿಯೊಂದೇ ಕಾರಣವಾಗಿತ್ತೋ ಇಲ್ಲವೋ, ಸಕ್ಕರೆ ನಿಧಾನವಾಗಿ ಇಳಿಯಿತು. ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅವರು ಕಿಟಕಿ ನೋಡಿದರು, ಗೋಡೆ ನೋಡಿದರು, ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದರು.

"ಇಷ್ಟ್ಯಾಕ ಸೊರಗೀದಿ?" ಎಂದರು.

ನಾನು ಸೊರಗಿದ್ದು ನನಗೂ ಆಗಲೇ ತಿಳಿದದ್ದು.