ಗೇಟು ತೆಗೆಯುವ ಡಬ್ಬಿ

ಕಾರು ಓಡಿಸುವುದು ನನಗೆ ಬರುತ್ತಿತ್ತು, ನಿಲ್ಲಿಸಿ ಮತ್ತೆ ಹೊರಡಿಸುವುದು ಬರುತ್ತಿರಲಿಲ್ಲ. ತಿಪಟೂರಿನಲ್ಲಿ ಒಂದು ತಿಂಗಳು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದೆ. ನೊಣವಿನಕೆರೆಯ ನಮ್ಮ ಮನೆಯಿಂದ ಪೇಟೆಗೆ ಹೋಗಿ ಬರುವಷ್ಟು ಧೈರ್ಯವೂ ಬಂದಿತ್ತು. ಆದರೆ ಹಿಂದೆ ಒಂದು ಲಾರಿ ನಿಂತು ಹಾರನ್ ಹೊಡೆದರೆ ಸಾಕು, ಕ್ಲಚ್ ಮೇಲಿನ ಕಾಲು ನನ್ನದಲ್ಲ ಎನ್ನುವಂತಾಗಿ ಕಾರು ಗಕ್ಕನೆ ನಿಂತುಬಿಡುತ್ತಿತ್ತು.

ಓಡಿಸಲೇಬೇಕಾದ ಗರಜು ನನಗಿತ್ತು. ಹೊನ್ನವಳ್ಳಿಯಲ್ಲಿದ್ದ ನಮ್ಮವ್ವನಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಮಂಜಾಗಿತ್ತು. ಉಳಿದ ಕಣ್ಣಿಗೆ ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಚುಚ್ಚುಮದ್ದು ಹಾಕಿಸಬೇಕು. ನಮ್ಮನೆಯವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬಾಡಿಗೆ ಡ್ರೈವರನ್ನು ಕೇಳಿದರೆ, "ನಾಳೆ ಮದ್ವೆ ಪಾರ್ಟಿ ಒಪ್ಕಂಬುಟ್ಟಿದೀನಿ ಕಣಕ್ಕ" ಎನ್ನುವನು. ಒಂದು ತಿಂಗಳು ಹೀಗೇ ತಪ್ಪಿಹೋಯಿತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಿ ಎಂದು ಡಾಕ್ಟರು ಬೈದು ಕಳಿಸಿದರು. ಅವತ್ತೇ ನಾನು, ಇನ್ನು ಮೇಲೆ ಅವ್ವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ.

ಮಾವ ಬೇಡವೆನ್ನಲಿಲ್ಲ, ಷರತ್ತು ಹಾಕಿದರು. "ಮೊದ್ಲು ನನ್ನ ಕೂರಿಸ್ಕೊಂಡು ಆ ಟೋಲ್ ಗೇಟು ದಾಟಿ ತೋರ್ಸಮ್ಮ. ಲಾರಿ ಸಾಲ್ನಾಗೆ ಗಾಡಿ ನಿಂತೋದ್ರೆ, ಕಣ್ಣು ಕಾಣ್ದೋರ್ನ ಪಕ್ಕದಲ್ಲಿಟ್ಕೊಂಡು ಏನ್ ಮಾಡ್ತೀಯ?"

ನನಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತುಮಕೂರು ದಾಟಿದ ಮೇಲೆ ಬೆಂಗಳೂರು ರಸ್ತೆಗೆ ಆಗ ತಾನೇ ಟೋಲ್ ಬಂದಿತ್ತು. ಒಂದೊಂದೇ ಮಾರು ಮುಂದೆ ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು, ದುಡ್ಡು ತೆಗೆದುಕೊಳ್ಳುವವರ ಕಿಟಕಿಗೆ ಕೈ ನಿಲುಕುವ ಹಾಗೆ ನಿಲ್ಲಿಸುವುದು. ನನಗೆ ಬಾರದ್ದನ್ನೆಲ್ಲ ಒಂದೇ ಕಡೆ ಸೇರಿಸಿ ಪರೀಕ್ಷೆಗೆ ಇಟ್ಟ ಹಾಗಿತ್ತು.

ಆ ಹೊತ್ತಿನಲ್ಲಿ ನಮ್ಮನೆಯವರು ಒಂದು ಸುದ್ದಿ ತಂದರು. ಮೊದಲೇ ದುಡ್ಡು ಕಟ್ಟಿದರೆ ಟೋಲಿನವರು ಒಂದು ಪುಟ್ಟ ಡಬ್ಬಿ ಕೊಡುತ್ತಾರಂತೆ. ಅದನ್ನು ಕಾರಿನ ಮುಂದಿನ ಗಾಜಿಗೆ ಅಂಟಿಸಿಕೊಂಡರೆ ನಿಲ್ಲಿಸಬೇಕಾಗಿಯೇ ಇಲ್ಲ, ಗೇಟು ತಾನೇ ಮೇಲೇಳುತ್ತದಂತೆ. ನಾನು ಅವರನ್ನು ಊಟ ಮಾಡಲು ಬಿಡದೆ ಕೇಳಿದೆ: ಅದಕ್ಕೆ ನಮ್ಮ ಕಾರು ಅಂತ ಹೇಗೆ ಗೊತ್ತಾಗುತ್ತೆ? ಮಳೆ ಬಂದರೆ? ಮುಂದಿನ ಕಾರಿನ ಹಿಂದೆಯೇ ಇನ್ನೊಬ್ಬ ನುಗ್ಗಿದರೆ?

"ರೇಡಿಯೋ ಥರ ಕಣೇ, ಅಷ್ಟೇ ನಂಗೊತ್ತಿರೋದು. ಮುದ್ದೆ ತಿನ್ನಕ್ ಬಿಡು" ಎಂದರು.

ಮಾವನದು ಬೇರೆ ತಕರಾರು. "ದಾರಿ ತುಳಿಯಕ್ ಮುಂಚೇನೇ ದುಡ್ಡು ಕಟ್ಟೋದಾ? ಕಾಯಿ ಕೆಡವಕ್ ಮುಂಚೆ ಯಾರಾನಾ ಕೂಲಿ ಕೊಡ್ತಾರಾ? ಅದೂ ಅಲ್ದೆ ನಾವ್ ಎಲ್ಲೆಲ್ಗೆ ಹೋಗ್ತೀವಿ ಅಂತ ಅವ್ರಿಗೆಲ್ಲ ಗೊತ್ತಾಗೋಯ್ತದೆ."

"ಗೊತ್ತಾಗ್ಲಿ ಬಿಡಿ ಮಾವ, ನಾನೇನು ಓಡೋಗ್ತಿದೀನಾ?" ಎಂದೆ. ಅವರು ನಕ್ಕರು. ಮಾರನೆಯ ದಿನ ನನಗಿಂತ ಮೊದಲೇ ತಲೆಗೆ ಟವಲ್ ಸುತ್ತಿ ಕಾರಿನ ಪಕ್ಕ ನಿಂತಿದ್ದರು. ಡಬ್ಬಿಯ ಕುತೂಹಲ ಅವರನ್ನೂ ಬಿಟ್ಟಿರಲಿಲ್ಲ.

ಗೇಟಿನ ಈಚೆ ಒಂದು ಸಣ್ಣ ಕೋಣೆಯಲ್ಲಿ ಮೇಜು ಹಾಕಿಕೊಂಡು ಒಬ್ಬರು ಕೂತಿದ್ದರು. ಟ್ರೇ ತುಂಬ ಬಿಳಿ ಡಬ್ಬಿಗಳು, ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅವರು ಮೇಲಿನದನ್ನು ಎತ್ತಿ ಕೊಡಲು ಹೋದರೆ ಮಾವ, "ತಡಿಯಪ್ಪ, ನೋಡಿ ತಗಂತೀನಿ" ಎಂದು ಟ್ರೇಯನ್ನೇ ಹತ್ತಿರಕ್ಕೆ ಎಳೆದುಕೊಂಡರು.

ನಮ್ಮ ಕಡೆಯವರು ನೋಡಿ ತಗೊಳ್ಳುವುದು ಕಿವಿಯಿಂದ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗೊಟಗೊಟ ಎನ್ನಬೇಕು. ಸದ್ದು ಬಂತೆಂದರೆ ಸರಿ, ಸುಲಿಯಬಹುದು. ಸದ್ದು ಮಾಡದ ಕಾಯಿ ಇನ್ನೂ ಆಗಿಲ್ಲ ಎಂದರ್ಥ, ಅದು ಮತ್ತೆ ಅಟ್ಟಕ್ಕೆ. ಮಾವ ಈ ಕೆಲಸದಲ್ಲಿ ಎಷ್ಟು ಪಳಗಿದ್ದರೆಂದರೆ ಅಂಗಡಿಯಲ್ಲಿ ಟಾರ್ಚನ್ನೂ ಅಲ್ಲಾಡಿಸಿಯೇ ತರುತ್ತಿದ್ದರು.

ಒಂದೊಂದೇ ಡಬ್ಬಿ ಅವರ ಕಿವಿಯ ಹತ್ತಿರ ಹೋಗಿ ಬಂತು. ಎಲ್ಲವೂ ಮೂಕ. ಏಳನೆಯದೋ ಎಂಟನೆಯದೋ ಲೊಟಲೊಟ ಎಂದಿತು. ಮಾವನ ಮುಖ ಅರಳಿತು. "ಇದ್ ಕೊಡಪ್ಪ. ಇದ್ರಾಗೆ ಜೀವ ಐತೆ."

"ಎಲ್ಲಾ ಒಂದೇ ಯಜಮಾನ್ರೇ" ಎಂದು ಮೇಜಿನವರು ನಗುತ್ತ ನಮ್ಮ ಕಾರಿನ ನಂಬರು ಬರೆದುಕೊಂಡರು. ನಾನಾದರೂ ಬೇಡವೆನ್ನಬಹುದಿತ್ತು. ಆದರೆ ನಾನೂ ತೆಂಗಿನ ಸೀಮೆಯವಳೇ, ನನಗೂ ಸದ್ದು ಮಾಡಿದ್ದೇ ವಾಸಿ ಎನಿಸಿತು.

ಡಬ್ಬಿ ಅಂಟಿಸಿಕೊಂಡು, ಉದ್ದನೆಯ ಸಾಲುಗಳನ್ನು ಪಕ್ಕಕ್ಕೆ ಬಿಟ್ಟು, ಡಬ್ಬಿಯವರಿಗೆಂದೇ ಖಾಲಿಯಿದ್ದ ಸಾಲಿಗೆ ನುಗ್ಗಿದೆ. ಎಷ್ಟು ಜಂಬ ನನಗೆ! ಗೇಟು ಹತ್ತಿರ ಬಂತು, ಏಳಲಿಲ್ಲ. ಬ್ರೇಕ್ ಒತ್ತಿದೆ, ಕಾರು ಆಫಾಯಿತು. ಮಾವ ಡಬ್ಬಿಯನ್ನು ಬೆರಳಿನಿಂದ ತಟ್ಟಿದರು, ಅದು ಲೊಟಲೊಟ ಎಂದಿತೇ ಹೊರತು ಗೇಟು ಅಲ್ಲಾಡಲಿಲ್ಲ. ಅಷ್ಟರಲ್ಲಿ ಹಿಂದೆ ಒಂದು ಕಾರು, ಅದರ ಹಿಂದೆ ದಾರಿ ತಪ್ಪಿ ಬಂದ ಲಾರಿ. ಎರಡೂ ಹಾರನ್ ಹೊಡೆಯತೊಡಗಿದವು. ಪಕ್ಕದ ಗೂಡಿನಿಂದ ಒಬ್ಬರು ಬಗ್ಗಿ, "ಮಿಷಿನ್ನು ಡಬ್ಬಿನ ಓದ್ತಾ ಇಲ್ಲ ಮೇಡಂ, ಹಿಂದಕ್ಕೆ ತಗೊಂಡು ಈ ಸಾಲಿಗೆ ಬನ್ನಿ" ಎಂದರು.

ಹಿಂದಕ್ಕೆ! ರಿವರ್ಸಿನಲ್ಲಿ ಅಂಗಳದ ತುಳಸಿಕಟ್ಟೆಗೆ ಗುದ್ದಿದವಳು ನಾನು. ಮುಗಿಯಿತು, ಇನ್ನು ಮೇಲೂ ಅವ್ವನ ಕಣ್ಣು ಬಾಡಿಗೆ ಡ್ರೈವರಿನ ಪುರುಸೊತ್ತಿಗೆ ಕಾಯಬೇಕು ಎಂದುಕೊಂಡೆ. ಅಳು ಬರುವುದೊಂದು ಬಾಕಿ.

ಮಾವ ಇಳಿದರು. ತಲೆಯ ಟವಲ್ ಬಿಚ್ಚಿ ಬೀಸುತ್ತ ಹಿಂದಕ್ಕೆ ಹೋದರು. "ಹಿಂದುಕ್ ಹೋಗ್ರಪ್ಪಾ, ನಮ್ ಸೊಸೆ ಗಾಡಿ ತೆಗೀತಾಳೆ!"

ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀವೇ ತಗೀರಿ ಯಜಮಾನ್ರೇ, ಬೇಗ ಆಗ್ತದೆ" ಎಂದ.

"ನಂಗ್ ಬರಾಕಿಲ್ಲ ಕಣ್ಲಾ, ಅವ್ಳಿಗೇ ಬರೋದು!"

ಕಿಟಕಿ ತೆರೆದಿತ್ತು, ನನಗೆ ಚೆನ್ನಾಗಿ ಕೇಳಿಸಿತು. ಮಾವ ಅದನ್ನು ಹೊಗಳಿಕೆಗೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೂ ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನಗೆ ಅಷ್ಟು ಬಲ ಕೊಟ್ಟ ಮಾತು ಇನ್ನೊಂದಿಲ್ಲ. ಕಾರು ಸ್ಟಾರ್ಟ್ ಮಾಡಿದೆ. ಟವಲ್ ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ, ಆಮೆಯ ಹಾಗೆ ಹಿಂದಕ್ಕೆ ಬಂದೆ. ಆಮೇಲೆ ದುಡ್ಡಿನ ಸಾಲಿನಲ್ಲಿ ನಿಂತೆ. ಎರಡು ಸಲ ಆಫಾಯಿತು, ಎರಡು ಸಲವೂ ಹೊರಡಿಸಿದೆ. ಕಿಟಕಿಗೆ ಕೈ ನಿಲುಕಲಿಲ್ಲ, ಬಾಗಿಲು ತೆಗೆದು ಒಂದು ಕಾಲು ಇಳಿಸಿ ದುಡ್ಡು ಕೊಟ್ಟೆ. ಮರ್ಯಾದೆ ಹೋಗಿರಬಹುದು, ಗೇಟಂತೂ ದಾಟಿದೆ.

ಮುಂದೆ ತಿರುಗಿಸಿಕೊಂಡು ಬಂದು, ಗೇಟಿನ ಆಚೆಯೇ ಕಾರು ನಿಲ್ಲಿಸಿ, ಅದೇ ಕೋಣೆಗೆ ನಡೆದುಹೋಗಿ ಡಬ್ಬಿಯನ್ನು ತೋರಿಸಿದಾಗ, ಒಳಗೆ ಏನೋ ಕಿತ್ತುಬಂದಿದೆ ಎಂದು ಬೇರೆಯದನ್ನು ಕೊಟ್ಟರು. ಮಾವ ಅದನ್ನೂ ಕಿವಿಗೆ ಹಿಡಿದು, "ಇದು ಮೂಕ ಮುಂಡೇದು" ಎಂದು ಗೊಣಗಿದರು. ವಾಪಸು ದಾಟುವಾಗ ಆ ಮೂಕ ಡಬ್ಬಿಗೆ ಗೇಟು ಥಟ್ಟನೆ ಎದ್ದಿತು. ನಮ್ಮೂರಿನ ಹತ್ತಿರದ ಕೆ.ಬಿ. ಕ್ರಾಸ್ ಬರುವವರೆಗೂ ಮಾವನದು ಒಂದೇ ಪ್ರಶ್ನೆ, "ಅಲ್ಲಾ, ಅದುಕ್ಕೆ ಹೆಂಗ್ ಗೊತ್ತಾಯ್ತು ಅಂತೀನಿ!" ಮನೆ ಹತ್ತಿರ ಇಳಿಯುವಾಗ ಮಾತ್ರ ಬೇರೆ ಮಾತಾಡಿದರು. "ಮುಂದಿನ್ ತಿಂಗ್ಳು ನಾನ್ ಬರಾಕಿಲ್ಲ. ನೀನೂ ನಿಮ್ಮವ್ವನೂ ಹೋಗ್ಬನ್ನಿ."

ಹೋದೆವು. ಟೋಲಿನಲ್ಲಿ ನಿಲ್ಲಿಸದೆ ದಾಟಿ ಎಷ್ಟೋ ದೂರ ಬಂದ ಮೇಲೆ ಅವ್ವ ಕೇಳಿದಳು, "ಅದೇನೋ ಗೇಟು ಅಂತಿದ್ದೆ, ಇನ್ನೂ ಬರ್ಲಿಲ್ವೇನೇ?"

"ಆಗ್ಲೇ ದಾಟಿದ್ವಿ ಕಣವ್ವ."

"ಯಾರೂ ಮಾತಾಡ್ಸಲೇ ಇಲ್ಲ?" ಅವ್ವನ ದನಿ ಸಪ್ಪಗಾಯಿತು. "ಬರೋವಾಗ ಜನ ಇರೋ ಕಡೆ ಹೋಗೇ."

ಬರುವಾಗ ದುಡ್ಡಿನ ಸಾಲಿಗೆ ಹೋದೆ. ಗೂಡಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಅವ್ವ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡಿದ್ದವಳು, ನನ್ನ ಮೈಮೇಲೆಯೇ ಬಾಗಿ, ದನಿ ಬಂದ ಕಡೆಗೆ ಮುಖ ಮಾಡಿ ಹೇಳಿದಳು. "ನನ್ ಮಗಳು ಕಣವ್ವ. ಹೊನ್ನವಳ್ಳಿಯಿಂದ ಅವಳೇ ಓಡಿಸ್ಕೊಂಡು ಬಂದವ್ಳೆ."

ನನಗೆ ನಾಚಿಕೆಯಾಗಿ ಚೀಟಿ ಕೆಳಗೆ ಬಿತ್ತು.

ಕಾರಿಗೆ ಡಬ್ಬಿ ಹಾಕಿಸಬೇಕೇ ಎಂದು ಆಗ ಯಾರು ಕೇಳಿದರೂ ಹಾಕಿಸಿ ಎನ್ನುತ್ತಿದ್ದೆ, ಹೊತ್ತು ಉಳಿಯುತ್ತದೆ, ತಾಪತ್ರಯ ತಪ್ಪುತ್ತದೆ. ಆದರೆ ಅವ್ವ ಇರುವವರೆಗೂ ನಾನು ವಾಪಸು ಬಂದದ್ದು ದುಡ್ಡಿನ ಸಾಲಿನಲ್ಲೇ. ಗೂಡಿನಲ್ಲಿ ಕೂರುವವರು ಬದಲಾಗುತ್ತಿದ್ದರು, ಅವ್ವ ಪ್ರತಿಯೊಬ್ಬರಿಗೂ ಹೇಳಿದಳು.